ಮರಿಯ ‘ಒಲ್ಲೆ’

ನಾಯಿಗೆ ಈಜು ಯಾರೂ ಕಲಿಸಬೇಕಾಗಿಲ್ಲ, ನೀರಿಗೆ ಎತ್ತಿ ಹಾಕಿದರೆ ತಾನೇ ಕೈಕಾಲು ಬಡಿದು ದಡ ಸೇರುತ್ತದೆ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ತೀರ್ಥಹಳ್ಳಿಯ ಆಸುಪಾಸಿನಲ್ಲಿ, ತುಂಗೆಯ ಆಚೆ ದಡಕ್ಕೂ ಈಚೆ ದಡಕ್ಕೂ, ನಾಯಿಯಿಲ್ಲದ ಮನೆ ಹುಡುಕಿದರೂ ಸಿಗುವುದು ಕಷ್ಟ. ತೋಟಕ್ಕೆ ಮಂಗ ಬಿದ್ದರೆ ಅಟ್ಟಲು ನಾಯಿ ಬೇಕು, ರಾತ್ರಿ ಗದ್ದೆಗೆ ಹಂದಿ ನುಗ್ಗಿದರೆ ಎಬ್ಬಿಸಲು ನಾಯಿ ಬೇಕು. ಇಷ್ಟು ಹತ್ತಿರದಿಂದ ನಾಯಿಯನ್ನು ಬಲ್ಲ ಊರಿನವರೇ ಆ ಮಾತನ್ನು ಆಡುವಾಗ ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಅದರಲ್ಲಿ ಅರ್ಧ ಸತ್ಯವೂ ಇದೆ.

ಎಳೆಯ ಮರಿಯ ಹೊಟ್ಟೆಯಡಿ ಕೈಯಿಟ್ಟು ನೀರಿನ ಮೇಲೆ ಎತ್ತಿ ಹಿಡಿದರೆ, ನೀರು ತಾಗುವ ಮೊದಲೇ ಎಷ್ಟೋ ಮರಿಗಳ ಕಾಲು ಗಾಳಿಯಲ್ಲಿ ಆಡತೊಡಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ ವೆಸ್ಟ್ ಚೆಸ್ಟರ್ ವಿಶ್ವವಿದ್ಯಾಲಯದ ಜೀವಶಾಸ್ತ್ರಜ್ಞ ಫ್ರಾಂಕ್ ಫಿಶ್ ನೀರೊಳಗಿನ ಕ್ಯಾಮೆರಾದಿಂದ ನಾಯಿಗಳ ಈಜನ್ನು ಚಿತ್ರೀಕರಿಸಿ 2014ರಲ್ಲಿ ತಮ್ಮ ಅಧ್ಯಯನವನ್ನು ಮುಂದಿಟ್ಟರು. ನೆಲದ ಮೇಲೆ ಬೇಗ ಹೆಜ್ಜೆ ಹಾಕುವಾಗ ನಾಯಿಯ ಬಲ ಮುಂಗಾಲಿಗೆ ಎಡ ಹಿಂಗಾಲು ಜೊತೆಯಾಗುತ್ತದಲ್ಲ, ನೀರಿನಲ್ಲೂ ಹೆಚ್ಚುಕಡಿಮೆ ಅದೇ ಚಲನೆ ನಡೆಯುತ್ತದೆ ಎಂದು ಅವರು ಕಂಡರು. ಪುಟ್ಟ ತಳಿಯ ನಾಯಿಯಾಗಲಿ ಕರಡಿಯಷ್ಟು ದೊಡ್ಡದಾಗಲಿ, ಕಾಲಾಡಿಸುವ ರೀತಿಯಲ್ಲಿ ದೊಡ್ಡ ಭೇದವಿಲ್ಲ. ಎಂದರೆ ಈಜಿನ ಕಸುಬು ನಾಯಿಯ ನಡಿಗೆಯಲ್ಲೇ ಅಡಗಿದೆ.

ಇನ್ನರ್ಧ ಸತ್ಯವನ್ನು ಹೊಳೆದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದವರು ಬಲ್ಲರು. ಹೆದರಿದ ಮರಿ ಮುಂಗಾಲುಗಳನ್ನು ನೀರಿನಿಂದ ಮೇಲಕ್ಕೆತ್ತಿ ಬಡಿಯುತ್ತದೆ. ಮುಂಭಾಗ ಮೇಲೆದ್ದಷ್ಟೂ ಸೊಂಟ ಕೆಳಗಿಳಿಯುತ್ತದೆ, ಮೈ ನೆಟ್ಟಗಾಗುತ್ತದೆ. ನೀರೆಲ್ಲ ಸಿಡಿಯುತ್ತದೆ, ಮರಿ ಮಾತ್ರ ಇದ್ದಲ್ಲೇ ಇರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅದರ ಶಕ್ತಿ ಮುಗಿಯುತ್ತದೆ. ಕಾಲಾಡಿಸುವುದು ಹುಟ್ಟಿನಿಂದ ಬಂದಿರಬಹುದು. ಮೈಯನ್ನು ನೀರಿಗೆ ಒಪ್ಪಿಸಿ ಮಲಗಿಸುವುದಕ್ಕೆ ಧೈರ್ಯ ಬೇಕು, ಅದು ಹುಟ್ಟಿನಿಂದ ಬರುವುದಿಲ್ಲ. ಆ ಧೈರ್ಯ ಎಲ್ಲಿಂದ ಬರುತ್ತದೆ ಎನ್ನುವುದೇ ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ.

ನಮ್ಮ ಮನೆಯ ಚುಕ್ಕಿ ನಾಡುನಾಯಿಯ ಮರಿ. ಎಳ್ಳಮಾವಾಸ್ಯೆಯ ಜಾತ್ರೆ ಕಳೆದು, ತುಂಗೆ ಇಳಿದು, ಬಂಡೆಗಳ ನಡುವೆ ಮರಳು ಕಾಣತೊಡಗಿದ ಮೇಲೆ ಅವಳನ್ನು ಹೊಳೆಗೆ ಕರೆದುಕೊಂಡು ಹೋಗತೊಡಗಿದೆ. ಬೆಂಗಳೂರಿನಿಂದ ರಜೆಗೆ ಬಂದಿದ್ದ ನನ್ನ ಅಣ್ಣನ ಮಗ ಜೊತೆಗಿದ್ದ. ಚುಕ್ಕಿ ನೀರಂಚಿಗೆ ಬಂದಳು, ಮೂಸಿದಳು, ಒಂದು ಮುಂಗಾಲೆತ್ತಿ ಹಾಗೇ ನಿಂತಳು. ಹುಡುಗನಿಗೆ ತಾಳ್ಮೆ ಸಾಲಲಿಲ್ಲ.

“ಅತ್ತೆ, ಎತ್ತಿ ಹಾಕ್ಲಾ? ಒಂದ್ಸಲ ಹಾಕಿದ್ರೆ ಭಯ ಹೋಗುತ್ತೆ.”

“ಬೇಡ ಪುಟ್ಟ. ಮೊದಲು ಅವಳನ್ನ ನೋಡು. ಏನು ಹೇಳ್ತಿದಾಳೆ?”

“ಏನೂ ಹೇಳ್ತಿಲ್ಲ, ಸುಮ್ನೆ ಆಕಳಿಸ್ತಿದಾಳೆ.”

ಅವನು ಕಂಡದ್ದು ಸರಿಯಾಗಿತ್ತು. ನಿದ್ದೆಯ ಹೊತ್ತಲ್ಲದ ಹೊತ್ತಿನಲ್ಲಿ ನಾಯಿ ಆಕಳಿಸಿದರೆ ಅದು ಅಳುಕಿನ ಗುರುತಾಗಿರುವುದೇ ಹೆಚ್ಚು. ನಾರ್ವೆಯ ನಾಯಿ ತರಬೇತುದಾರರಾದ ಟ್ಯೂರಿಡ್ ರುಗಾಸ್ ನಾಯಿಗಳ ಇಂಥ ಸನ್ನೆಗಳನ್ನು ಬಹುಕಾಲ ಗಮನಿಸಿ ಪುಸ್ತಕ ಬರೆದಿದ್ದಾರೆ. ಆಕಳಿಕೆ, ತುಟಿ ನೆಕ್ಕುವುದು, ಮುಖ ಪಕ್ಕಕ್ಕೆ ತಿರುಗಿಸುವುದು, ಸುಮ್ಮನೆ ನೆಲ ಮೂಸುವುದು, ಕಾಲೆತ್ತಿ ನಿಲ್ಲುವುದು. ಬಾಲ ಹೊಟ್ಟೆಯಡಿ ಸೇರುವುದನ್ನೂ ಕುಂಯ್‌ಗುಟ್ಟುವುದನ್ನೂ ನಾವು ಹೇಗೂ ಗುರುತಿಸುತ್ತೇವೆ. ಅವು ಕೂಗಿ ಹೇಳುವ ‘ಒಲ್ಲೆ’. ಅದಕ್ಕೂ ಮೊದಲು ಮರಿ ಮೆಲ್ಲಗೆ, ಮರ್ಯಾದೆಯಿಂದ, ನಾಲ್ಕಾರು ಸಲ ‘ಒಲ್ಲೆ’ ಎಂದಿರುತ್ತದೆ. ಕೇಳಿಸಿಕೊಳ್ಳುವವರು ಇಲ್ಲದಾಗ ಮಾತ್ರ ಅದು ಕೂಗುವ ಹಂತಕ್ಕೆ ಬರುತ್ತದೆ. ಮನುಷ್ಯರ ಮನೆಗಳಲ್ಲಿ ನಡೆಯುವುದೂ ಇದೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಎತ್ತಿ ಹಾಕಿದರೆ ಭಯ ಹೋಗುತ್ತದೆ ಎನ್ನುವವರು ತಮ್ಮ ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. ಎರಡು ಸಲ ಎಸೆದಾಗ ಅರಚಿಕೊಂಡ ಮರಿ ಮೂರನೆಯ ಸಲ ಸುಮ್ಮನಿರುತ್ತದೆ, ನೋಡಿದವರು ಅಭ್ಯಾಸವಾಯಿತು ಎನ್ನುತ್ತಾರೆ. ಆ ಸುಮ್ಮನಿರುವಿಕೆಯ ಒಳಗೆ ಏನಿದೆ ಎಂಬುದನ್ನು ತೋರಿಸಿದ ಒಂದು ಪ್ರಯೋಗವಿದೆ, ನಾಯಿಗಳ ಮೇಲೆಯೇ ನಡೆದದ್ದು. ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಅದನ್ನು 1967ರಲ್ಲಿ ಪ್ರಕಟಿಸಿದರು. ಕೆಲವು ನಾಯಿಗಳಿಗೆ, ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ಹಾಗೆ ಕಟ್ಟಿ ವಿದ್ಯುತ್ತಿನ ಆಘಾತ ಕೊಟ್ಟರು. ಆಮೇಲೆ ಅವೇ ನಾಯಿಗಳನ್ನು ನಡುವೆ ತಗ್ಗಾದ ಅಡ್ಡಗೋಡೆಯಿದ್ದ ಪೆಟ್ಟಿಗೆಯಲ್ಲಿ ಬಿಟ್ಟರು. ಒಂದು ಸಲ ಹಾರಿದರೆ ಸಾಕು, ಆಚೆ ಕಡೆ ನೋವಿಲ್ಲ. ಬೇರೆ ನಾಯಿಗಳು ಹಾರಿ ಪಾರಾದವು. ಮೊದಲು ಆಘಾತ ತಿಂದವುಗಳಲ್ಲಿ ಹೆಚ್ಚಿನವು ಹಾರಲೇ ಇಲ್ಲ. ಮುದುರಿ ಮಲಗಿ ನರಳುತ್ತ ನೋವನ್ನು ಸಹಿಸಿದವು. ದಾರಿ ಕಣ್ಣ ಮುಂದೆ ಇತ್ತು, ದಾರಿಯುಂಟು ಎಂಬ ನಂಬಿಕೆ ಸತ್ತುಹೋಗಿತ್ತು. ಅವುಗಳನ್ನು ಮತ್ತೆ ಸರಿಪಡಿಸಲು ಪ್ರಯೋಗ ಮಾಡಿದವರೇ ಪಟ್ಟಿ ಹಿಡಿದು ಗೋಡೆಯಾಚೆಗೆ ಎಳೆದುಕೊಂಡು ಹೋಗಬೇಕಾಯಿತು, ಮತ್ತೆ ಮತ್ತೆ, ಪಾರಾಗಬಹುದು ಎಂದು ಅವುಗಳ ಮೈಗೇ ತಿಳಿಯುವ ತನಕ.

ಆ ಪ್ರಯೋಗದ ಕ್ರೌರ್ಯವನ್ನು ನಾನು ಒಪ್ಪುವುದಿಲ್ಲ. ಇಂದು ಅದನ್ನು ಮಾಡಲು ಯಾರೂ ಅನುಮತಿ ಕೊಡಲಾರರು. ಆದರೆ ಆ ನಾಯಿಗಳು ಅಷ್ಟು ಬೆಲೆ ತೆತ್ತು ಹೇಳಿದ್ದನ್ನು ಕೇಳದೆ ಹೋದರೆ ಅದು ಇನ್ನೊಂದು ಅನ್ಯಾಯ. ಸುಮ್ಮನಾದ ಮರಿಯನ್ನು ಕಂಡು ಭಯ ಹೋಯಿತು ಎಂದು ಸಂತೋಷಪಡುವ ಮೊದಲು ಅದರ ಕಣ್ಣು ನೋಡಬೇಕು. ಭಯ ಹೋಗಿದೆಯೋ, ನಮ್ಮ ಮೇಲಿನ ಭರವಸೆ ಹೋಗಿದೆಯೋ?

ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದ ಎರಡು ರೀತಿಗಳು ನೆನಪಾಗುತ್ತವೆ. ಒಣಗಿದ ಸೋರೆ ಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಬಾವಿಯ ಮೆಟ್ಟಿಲ ಮೇಲೆ ದೊಡ್ಡವರು ಆ ಹಗ್ಗದ ತುದಿ ಹಿಡಿದು ನಿಲ್ಲುತ್ತಿದ್ದರು. ಮಗು ಮುಳುಗುವ ಹಾಗಾದರೆ ಒಂದು ಜಗ್ಗು. ಇನ್ನೊಂದು ರೀತಿಯಲ್ಲಿ, ಮಗು ಬಾವಿಕಟ್ಟೆಯಲ್ಲಿ ಬಗ್ಗಿ ನೋಡುತ್ತಿರುವಾಗ ಹಿಂದಿನಿಂದ ನೂಕುವುದು. ಎರಡೂ ರೀತಿಯಲ್ಲಿ ಈಜು ಕಲಿತವರಿದ್ದಾರೆ, ಇಲ್ಲವೆನ್ನಲಾರೆ. ನಮ್ಮ ಬಳಗದ ಹಿರಿಯರೊಬ್ಬರು ಎರಡನೆಯ ರೀತಿಯಲ್ಲಿ ಕಲಿತವರು. ಈಜು ಬರುತ್ತದೆ, ಆದರೆ ಈಜುವುದಿಲ್ಲ. ಇಂದಿಗೂ ಬಾವಿಕಟ್ಟೆಯ ಬಳಿ ಯಾರಾದರೂ ಬೆನ್ನ ಹಿಂದೆ ಬಂದು ನಿಂತರೆ ಸರಕ್ಕನೆ ಪಕ್ಕಕ್ಕೆ ಸರಿಯುತ್ತಾರೆ. ನೀರಿನ ಬಗ್ಗೆ ಅವರಿಗೆ ದ್ವೇಷವಿಲ್ಲ. ಅವರಿಗೆ ಮರೆಯಲಾಗದ್ದು ಬೆನ್ನಿಗೆ ತಾಗಿದ ಆ ಕೈ, ಅದು ತೀರ ತಮ್ಮವರದೇ ಕೈ.

ಮರಿಗೆ ಹೊಳೆಯನ್ನು ಪರಿಚಯ ಮಾಡಿಸುವ ಕೆಲಸ ಎಲ್ಲಿಂದ ಶುರುವಾಗಬೇಕು ಎಂದು ನನಗೆ ಹೇಳಿಕೊಟ್ಟವರು ಹಿಂದೆ ಮಳೆಗಾಲದಲ್ಲಿ ದೋಣಿ ಹಾಕುತ್ತಿದ್ದ ಒಬ್ಬ ಅಜ್ಜ. ಚುಕ್ಕಿ ನೀರಂಚಿನಲ್ಲಿ ಹಿಂದೆ ಮುಂದೆ ಓಡುವುದನ್ನು ನೋಡುತ್ತ ಕುಳಿತಿದ್ದವರು, “ಮೊದ್ಲು ಹತ್ತೋ ಜಾಗ ತೋರ್ಸಿ ಅಮ್ಮಾ, ಇಳ್ಯೋದನ್ನ ಅದೇ ಕಲೀತದೆ” ಎಂದರು. ಇದಕ್ಕಿಂತ ದೊಡ್ಡ ಮಾತನ್ನು ಈ ವಿಷಯದಲ್ಲಿ ನಾನು ಎಲ್ಲೂ ಓದಿಲ್ಲ.

ನಾಯಿ ನೀರಿನಲ್ಲಿ ಸಾಯುವುದು ಈಜು ಬಾರದೆ ಮಾತ್ರವಲ್ಲ. ಈಜುತ್ತ ಈಜುತ್ತ ಹತ್ತುವ ಜಾಗ ಸಿಗದೆ, ಸುಸ್ತಾಗಿ ಸಾಯುತ್ತದೆ. ಕಟ್ಟೆಯಿಲ್ಲದ ಬಾವಿಗೆ ಬಿದ್ದ ನಾಯಿಯ ಕಥೆ ಪ್ರತಿ ಊರಿನಲ್ಲೂ ಇದೆ. ಈಗ ಅದಕ್ಕೆ ಕೃಷಿ ಹೊಂಡ ಸೇರಿದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ಒಣಭೂಮಿಯಲ್ಲಿ ಸಾವಿರಾರು ಹೊಂಡಗಳಾದವು, ಬೆಳೆಗೆ ಜೀವ ಬಂತು. ನೀರು ಇಂಗದಿರಲೆಂದು ಹಾಸುವ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಮನುಷ್ಯರ ಪಾದವೇ ನಿಲ್ಲುವುದಿಲ್ಲ, ನಾಯಿಯ ಉಗುರಿಗೆ ಏನು ಸಿಕ್ಕೀತು? ಸುತ್ತ ಬೇಲಿ ಹಾಕಿ, ಗಂಟು ಗಂಟಾಗಿ ಕಟ್ಟಿದ ಹಗ್ಗವನ್ನೋ ಹಳೆಯ ಟಯರುಗಳ ಸರವನ್ನೋ ಒಂದು ಮೂಲೆಯಲ್ಲಿ ಇಳಿಬಿಟ್ಟರೆ ಬಿದ್ದ ಮಗುವಿಗೂ ನಾಯಿಗೂ ಹಿಡಿತ ಸಿಗುತ್ತದೆ. ಈ ಮಾತನ್ನು ಓದುವವರಲ್ಲಿ ಹೊಂಡ ಇರುವವರಿದ್ದರೆ ದಯವಿಟ್ಟು ಇಷ್ಟು ಮಾಡಬೇಕು. ನಗರದ ಈಜುಕೊಳದಲ್ಲೂ ಇದೇ ತೊಂದರೆ. ನೆಟ್ಟಗಿನ ಗೋಡೆಯನ್ನು ಉಗುರಿನಿಂದ ಕೆರೆಯುತ್ತ ಸುತ್ತುವ ನಾಯಿಗೆ ಮೆಟ್ಟಿಲು ಒಂದೇ ಮೂಲೆಯಲ್ಲಿದೆ ಎಂದು ತಾನಾಗಿ ತಿಳಿಯುವುದಿಲ್ಲ.

ಹಾಗಾಗಿ ಚುಕ್ಕಿಯ ಮೊದಲ ಪಾಠಗಳೆಲ್ಲ ದಡದ ಪಾಠಗಳು. ಬಂಡೆಗಳ ಸಂದಿಯಲ್ಲಿ ಮರಳು ಇಳಿಜಾರಾಗಿ ನೀರಿಗೆ ಸೇರುವ ಒಂದು ಜಾಗ ಆರಿಸಿಕೊಂಡೆ. ಸೆಳವಿಲ್ಲದ, ತಳ ಕಾಣುವ, ನಾನು ಸೊಂಟದ ತನಕ ನಡೆದು ನೋಡಿ ಗುಂಡಿಯಿಲ್ಲವೆಂದು ಖಾತ್ರಿ ಮಾಡಿಕೊಂಡ ಜಾಗ. ಪ್ರತಿ ಸಲವೂ ಅಲ್ಲಿಂದಲೇ ಇಳಿಯುವುದು, ಅಲ್ಲಿಂದಲೇ ಹತ್ತುವುದು. ಚಳಿಗಾಲದ ಬೆಳಗಿನ ತುಂಗೆ ಕೊರೆಯುತ್ತದೆ, ಸಣ್ಣ ಮೈ ಬೇಗ ಸೆಟೆದುಕೊಳ್ಳುತ್ತದೆ. ಅದಕ್ಕೇ ಬಿಸಿಲೇರಿದ ಮೇಲೆ ಹೋಗುವುದು.

ಬಹಳ ಹೊತ್ತು ಏನೂ ಮಾಡದೆ ಕೂರುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ನಾನು ನೀರಿನಲ್ಲಿ ಕಾಲು ಇಳಿಬಿಟ್ಟು ಬಂಡೆಯ ಮೇಲೆ ಕೂರುತ್ತಿದ್ದೆ, ಅವಳು ಮರಳಿನಲ್ಲಿ ಏಡಿಯ ತೂತು ಕೆದರುತ್ತಿದ್ದಳು. ಒಂದು ದಿನ ಪಾದ ನೆನೆಯಿತು. ಇನ್ನೊಂದು ದಿನ ಅದೂ ಇಲ್ಲ. ಬಿಸ್ಕತ್ತು ತೋರಿಸಿ ಒಳಗೆ ಕರೆಯಬಹುದಿತ್ತು, ಹೊಟ್ಟೆಬಾಕ ಮರಿ, ಬಂದೇ ಬರುತ್ತಿದ್ದಳು. ಇದರ ಬಗ್ಗೆ ತುಂಬ ಯೋಚಿಸಿದ್ದೇನೆ. ಆಸೆ ತೋರಿಸಿ ಎಳೆಯುವುದು ಹಿಂದಿನಿಂದ ನೂಕುವುದಕ್ಕಿಂತ ಮೃದುವಾಗಿ ಕಾಣುತ್ತದೆ. ಆದರೆ ಬಾಯಿಯ ಆಸೆಗೆ ಬಿದ್ದು ಎದೆಮಟ್ಟದ ನೀರಿಗೆ ಬಂದ ಮರಿ ತಿಂಡಿ ನುಂಗಿದ ಮರುಕ್ಷಣ ತಾನೆಲ್ಲಿದ್ದೇನೆ ಎಂದು ನೋಡಿಕೊಂಡು ಗಾಬರಿಯಾಗುತ್ತದೆ. ಕರೆದವರ ದನಿಯನ್ನೇ ಮುಂದಿನ ಸಲ ಅನುಮಾನಿಸುತ್ತದೆ. ಬಹುಮಾನ ಕೊಡುವುದಾದರೆ ಅದು ತಾನಾಗಿ ಇಟ್ಟ ಹೆಜ್ಜೆಯ ಮೇಲೆ ಕೊಡಬೇಕು, ಅದೂ ದಡದ ಕಡೆ ಕೈಚಾಚಿ. ದಡಕ್ಕೆ ವಾಪಸು ಬರುವುದಕ್ಕೂ ಬಹುಮಾನವಿದೆ ಎಂದು ತಿಳಿದ ಮರಿ ಮುಂದೆ ಹೋಗಲು ಹೆಚ್ಚು ಅಂಜುವುದಿಲ್ಲ. ಹಿಂತಿರುಗುವುದು ಸೋಲಲ್ಲ ಎಂದು ಗೊತ್ತಾದ ಮೇಲೆ ತಾನೆ ಯಾರಿಗಾದರೂ ಮುಂದಡಿ ಇಡಲು ಮನಸ್ಸಾಗುವುದು?

ನನ್ನ ತಾಳ್ಮೆ ಮಾಡದ ಕೆಲಸವನ್ನು ಪಕ್ಕದ ಮನೆಯ ಲ್ಯಾಬ್ರಡಾರ್ ಮಾಡಿತು. ವಯಸ್ಸಾದ ಗಂಡುನಾಯಿ, ಹೊಳೆ ಕಂಡರೆ ಎಳೆಯದಾಗುತ್ತದೆ. ಅದು ನೀರಿಗಿಳಿದು, ಕೋಲು ಕಚ್ಚಿ ತಂದು, ಮೈ ಕೊಡವಿಕೊಂಡು ಮತ್ತೆ ಇಳಿಯುವುದನ್ನು ಚುಕ್ಕಿ ಹಲವು ದಿನ ಕತ್ತು ಓರೆ ಮಾಡಿ ನೋಡಿದಳು. ಆಮೇಲೊಂದು ಮಧ್ಯಾಹ್ನ ಅದರ ಬಾಲದ ಹಿಂದೆಯೇ ನಡೆದು ಹೊಟ್ಟೆ ನೆನೆಯುವಷ್ಟು ಒಳಗೆ ಹೋಗಿ, ನೆಲ ಕಾಲಿಗೆ ಸಿಗದ ಕಡೆ ಎರಡು ಮಾರು ಈಜಿ, ಅರ್ಧಚಂದ್ರದ ಹಾಗೆ ತಿರುಗಿ ನೆಟ್ಟಗೆ ನಮ್ಮ ಮರಳಿನ ಇಳಿಜಾರಿಗೇ ಬಂದು ಹತ್ತಿದಳು. ಅವಳ ಹೊಟ್ಟೆಯಡಿ ನನ್ನ ಅಂಗೈ ಇತ್ತು, ಆದರೆ ಭಾರ ಅದರ ಮೇಲೆ ಬಿದ್ದದ್ದು ಮೊದಲ ಕ್ಷಣ ಮಾತ್ರ. ದಡದಲ್ಲಿ ನಿಂತು ಮೈ ಕೊಡವಿದ ರಭಸಕ್ಕೆ ಅವಳೇ ಒಂದು ಪಕ್ಕಕ್ಕೆ ವಾಲಿದಳು. ಈ ಮೈ ಕೊಡವುವಿಕೆಯನ್ನೂ ಅಳೆದವರಿದ್ದಾರೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯವರು 2012ರಲ್ಲಿ ಪ್ರಕಟಿಸಿದಂತೆ, ದೊಡ್ಡ ನಾಯಿ ಸೆಕೆಂಡಿಗೆ ನಾಲ್ಕೈದು ಸಲ ಮೈ ತಿರುವಿದರೆ ಇಲಿಮರಿಯಂಥ ಸಣ್ಣ ಪ್ರಾಣಿ ಮೂವತ್ತರ ಹತ್ತಿರ ತಿರುವುತ್ತದೆ. ಮೈ ಸಣ್ಣದಾದಷ್ಟೂ ನೀರನ್ನು ಕಿತ್ತೆಸೆಯಲು ವೇಗ ಹೆಚ್ಚು ಬೇಕು. ನಾಯಿ ಕೊಡವುವುದು ನೀರನ್ನು ಮಾತ್ರವಲ್ಲ ಎಂದು ನಾಯಿ ಬಲ್ಲವರು ಹೇಳುತ್ತಾರೆ. ಒಂದು ಆತಂಕ ಕಳೆದ ಮೇಲೆ ಒಣಮೈಯಲ್ಲೂ ಅದು ಹಾಗೇ ಕೊಡವಿಕೊಳ್ಳುತ್ತದೆ.

ಲ್ಯಾಬ್ರಡಾರ್‌ಗೆ ನೀರು ಅಷ್ಟು ಹಿಡಿಸುವುದಕ್ಕೆ ಚರಿತ್ರೆಯಿದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಬೆಸ್ತರು ಬಲೆಯಿಂದ ಜಾರಿದ ಮೀನನ್ನೂ ಹಗ್ಗವನ್ನೂ ಹಿಡಿದು ತರಲು ಸಾಕಿದ್ದ ನಾಯಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ಹೋದವು, ಅಲ್ಲಿ ಈ ತಳಿ ರೂಪುಗೊಂಡು 1903ರಲ್ಲಿ ಮಾನ್ಯತೆ ಪಡೆಯಿತು. ನೀರು ಒಳಗಿಳಿಯದ ಎಣ್ಣೆಗೂದಲು, ಬೆರಳುಗಳ ನಡುವೆ ಜಾಲಪಾದದಂಥ ಚರ್ಮ, ನೀರುನಾಯಿಯ ಹಾಗೆ ಬುಡ ದಪ್ಪಗಿರುವ ಬಾಲ. ನಮ್ಮ ಘಟಪ್ರಭೆಯ ದಡದ ಮುಧೋಳದ ಬೇಟೆನಾಯಿಯ ಮೈ ಬಯಲಿನಲ್ಲಿ ಮೊಲದ ಬೆನ್ನಟ್ಟಲು ಮಾಡಿದ್ದು. ಕೊಬ್ಬು ಕಡಿಮೆ, ಕೂದಲು ಗಿಡ್ಡ, ಬೇಗ ಚಳಿ ಹಿಡಿಯುತ್ತದೆ. ಒಂದು ಕಾಲದಲ್ಲಿ ಮೊಬೈಲ್ ಕಂಪನಿಯ ಜಾಹೀರಾತು ನೋಡಿ ನಗರಗಳ ಮನೆಮನೆಗೆ ಬಂದ ಪಗ್‌ಗೆ ಮೂಗೇ ಚಪ್ಪಟೆ. ಅದನ್ನು ನೀರಿನ ಮೇಲಿಡಲು ತಲೆ ಹಿಂದಕ್ಕೆತ್ತಬೇಕು, ಎತ್ತಿದರೆ ಸೊಂಟ ಮುಳುಗುತ್ತದೆ. ಅಂಥ ನಾಯಿಗೆ, ಬೆನ್ನ ಮೇಲೆ ಹಿಡಿಯಿರುವ ಒಳ್ಳೆಯ ಲೈಫ್ ಜಾಕೆಟ್ ಇಲ್ಲದೆ ಆಳದ ನೀರು ಬೇಡವೇ ಬೇಡ. ಪಾದ ನೆನೆಸಿಕೊಂಡು ಆಡಿದರೆ ಅದರ ಸುಖಕ್ಕೇನೂ ಕೊರತೆಯಿಲ್ಲ. ನಾಯಿಯೆಂದರೆ ಈಜಬೇಕು ಎಂಬ ಹಟ ನಮ್ಮದು, ನಾಯಿಯದಲ್ಲ.

1967ನೆಯ ಇಸವಿಯನ್ನು ಮೇಲೆ ಹೇಳಿದೆ. ಅದೇ ವರ್ಷ ನಮ್ಮ ತೀರ್ಥಹಳ್ಳಿ ಸೀಮೆಯವರೇ ಆದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹೊರಬಂತು. ಅದನ್ನು ಓದಿದ ಯಾರೂ ನಾಯಿಗುತ್ತಿಯ ಹುಲಿಯನನ್ನು ಮರೆಯಲಾರರು. ಕಾದಂಬರಿಯ ಉದ್ದಕ್ಕೂ ಒಡೆಯನ ಬೆನ್ನು ಬಿಡದ ಆ ನಾಯಿ ಕೊನೆಯಲ್ಲಿ ತುಂಬಿದ ತುಂಗೆಯ ಪಾಲಾಗುತ್ತದೆ. ಚಿಕ್ಕವಳಿದ್ದಾಗ ಆ ಭಾಗ ಓದಿ ಹೊಳೆಯ ಮೇಲೆ ಸಿಟ್ಟಾಗಿದ್ದೆ. ಈಗ ಬೇರೆಯೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಒಡೆಯ ಆಚೆ ದಡಕ್ಕೆ ಹೊರಟರೆ ನಾಯಿ ಹೊಳೆಯ ಆಳ ಕೇಳುವುದಿಲ್ಲ. ಒಡೆಯ ಹೊರಟಿದ್ದಾನೆ ಎಂಬುದೊಂದೇ ಅದಕ್ಕೆ ಸಾಕು.

ಇದಕ್ಕೂ ಸಾವಿರ ವರ್ಷ ಹಿಂದೆ, ಕ್ರಿ.ಶ. 949–50ರಲ್ಲಿ, ಇಂದಿನ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ನಾಯಿಗೆ ಕಲ್ಲು ನೆಟ್ಟರು. ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೆರ ಎಂಬ ವೀರ ತನಗೆ ಮೆಚ್ಚುಗೆಯಾಗಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ನಾಯಿ ಹಂದಿಯೊಡನೆ ಸೆಣಸುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮುಂದೆ ನಿಂತಾಗ ಕನ್ನಡಿಗರು ನಾಯಿಯ ಋಣವನ್ನು ಕಲ್ಲಿನಲ್ಲಿ ಬರೆದಿಟ್ಟವರು ಎಂದು ಹೆಮ್ಮೆಯಾಗುತ್ತದೆ. ಅದರ ಜೊತೆಗೇ ಎದೆ ಭಾರವಾಗುತ್ತದೆ. ಛೂ ಎಂದ ಕಡೆ ಕಾಳಿ ಹೋಯಿತು. ಛೂ ಎಂದವರ ಮಾತನ್ನು ಅದು ತೂಗಿ ನೋಡಲಿಲ್ಲ, ಅದಕ್ಕೆ ಆ ಅಭ್ಯಾಸವೇ ಇಲ್ಲ.

ಮನುಷ್ಯರಲ್ಲಿ ಯಾರೂ ನಮ್ಮನ್ನು ಇಷ್ಟು ನಂಬುವುದಿಲ್ಲ. ಮಕ್ಕಳು ಕೂಡ ಒಂದು ವಯಸ್ಸಿನ ಮೇಲೆ ಯಾಕೆ ಎಂದು ಕೇಳುತ್ತಾರೆ, ಕೇಳಲೇಬೇಕು. ಬೆಳೆದ ನಾಯಿ ಕೇಳುವುದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಪ್ರೀತಿ ಹೆಚ್ಚಿದಂತೆ ಅದರ ‘ಒಲ್ಲೆ’ ಸಣ್ಣದಾಗುತ್ತ ಹೋಗುತ್ತದೆ, ಒಡೆಯನಿಗಾಗಿ ತನ್ನ ಅಂಜಿಕೆಯನ್ನು ನುಂಗಿಕೊಳ್ಳುತ್ತದೆ. ಅದಕ್ಕೇ ಮರಿಯಾಗಿದ್ದಾಗ ಅದು ಹೇಳುವ ‘ಒಲ್ಲೆ’ಗೆ ಅಷ್ಟು ಬೆಲೆ. ಆ ಹೊತ್ತಿನಲ್ಲಿ ಕೇಳಿಸಿಕೊಂಡರೆ, ದೊಡ್ಡದಾದ ಮೇಲೂ ಅದು ನಮಗೆ ಹೇಳುತ್ತದೆ: ಕಾಲು ನೋಯುತ್ತಿದೆ, ಇವತ್ತು ಬೇಡ, ಈ ಸೆಳವು ನನಗಾಗುವುದಿಲ್ಲ. ಕೇಳಿಸಿಕೊಳ್ಳದೆ ಹೋದರೆ, ನಾವು ಕರೆದರೆಂದು ಬರುತ್ತದೆ. ಬಂದು ಮುಳುಗುತ್ತದೆ.

ಬಾಯಿ ಬಾರದ ಜೀವದ ಪರವಾಗಿ ನಾವು ತಿಳಿದಿರಬೇಕಾದ ನಾಲ್ಕು ಮಾತುಗಳೂ ಇವೆ. ಮರಿಯ ಚುಚ್ಚುಮದ್ದುಗಳು ಪೂರ್ತಿಯಾಗುವ ತನಕ, ಎಂದರೆ ಸುಮಾರು ನಾಲ್ಕು ತಿಂಗಳ ತನಕ, ಊರ ನಾಯಿಗಳೆಲ್ಲ ಬರುವ ಕೆರೆ ಹೊಳೆಗೆ ಅದನ್ನು ಒಯ್ಯದಿರುವುದು ಲೇಸು. ಇಲಿಯ ಮೂತ್ರದಿಂದ ನಿಂತ ನೀರಿಗೆ ಸೇರುವ ಇಲಿಜ್ವರದ ಸೂಕ್ಷ್ಮಜೀವಿ ನಾಯಿಗೂ ತಗಲುತ್ತದೆ, ನಾಯಿಯಿಂದ ಮನುಷ್ಯರಿಗೂ ಹರಡಬಹುದು. ಅದರ ಲಸಿಕೆಯನ್ನು ಪ್ರತಿ ವರ್ಷ ಹಾಕಿಸಬೇಕು. ಹಸಿರು ಕೆನೆ ಕಟ್ಟಿದ ಕೆರೆಯ ನೀರಿನಲ್ಲಿ ಪ್ರಾಣ ತೆಗೆಯುವ ವಿಷವಿರಬಹುದು, ಕುಡಿಯಲೂ ಬಿಡಬಾರದು. ಚೆಂಡು ಹಿಡಿಯಲೆಂದು ಬಾಯಿ ತೆರೆದು ಮತ್ತೆ ಮತ್ತೆ ಈಜುವ ನಾಯಿ ಗೊತ್ತಿಲ್ಲದೆ ವಿಪರೀತ ನೀರು ನುಂಗಿ, ರಕ್ತದ ಉಪ್ಪು ಇಳಿದು ತೂರಾಡಿ ಬೀಳುವುದುಂಟು. ನಡುನಡುವೆ ದಡದಲ್ಲಿ ಕೂರಿಸಬೇಕು. ಇಳಿಬಿದ್ದ ಕಿವಿಯನ್ನು ಒಣಬಟ್ಟೆಯಿಂದ ಒರೆಸಬೇಕು. ನಮ್ಮ ಮಲೆನಾಡಿನ ಕಷ್ಟ ಇನ್ನೊಂದು: ಹೊಳೆ ಇಳಿದು ತಿಳಿಯಾಗುವ ತಿಂಗಳುಗಳೇ ಕಾಡಿನ ಉಣುಗು ಏಳುವ ತಿಂಗಳುಗಳು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಈ ಉಣುಗುಗಳೇ. ಕಾಡುದಾರಿಯಲ್ಲಿ ಹೊಳೆಗೆ ಹೋಗಿ ಬಂದ ದಿನ ನಾಯಿಯ ಮೈಯನ್ನೂ ನಮ್ಮ ಮೈಯನ್ನೂ ಬೆರಳಿನಿಂದ ತಡವಿ ನೋಡದೆ ಒಳಗೆ ಬರಬಾರದು. ಲಿಂಗನಮಕ್ಕಿಯಂಥ ಹಿನ್ನೀರಿನ ತಳದಲ್ಲಿ ಮುಳುಗಿದ ಮರದ ಬೊಡ್ಡೆಗಳಿರುತ್ತವೆ. ಕಾಳಿ ನದಿಯ ದಾಂಡೇಲಿಯ ಕಡೆ ಮೊಸಳೆಗಳಿವೆ, ಅಲ್ಲಿ ನಾಯಿಯನ್ನು ನೀರಿಗೆ ಬಿಡುವ ಮಾತೇ ಇಲ್ಲ.

ಈಗ ಚುಕ್ಕಿ ಚೆನ್ನಾಗಿ ಈಜುತ್ತಾಳೆ. ಹೊಳೆಯ ಹೆಸರೆತ್ತಿದರೆ ಸಾಕು, ಬಾಗಿಲ ಬಳಿ ಕುಣಿಯುತ್ತಾಳೆ. ಇಷ್ಟಾದ ಮೇಲೆ ನನ್ನ ಕೆಲಸ ತಿರುವುಮುರುವಾಗಿದೆ. ಅವಳ ‘ಒಲ್ಲೆ’ಗೆ ಕಿವಿಗೊಡುತ್ತ ಬಂದವಳು ಈಗ ನನ್ನ ‘ಬೇಡ’ವನ್ನು ಅವಳಿಗೆ ಕಲಿಸಬೇಕಾಗಿದೆ. ಯಾಕೆಂದರೆ ಹೊಳೆ ಅವಳದೂ ಅಲ್ಲ, ನನ್ನದೂ ಅಲ್ಲ. ಬೇಸಿಗೆ ಕಾಲಿಡುತ್ತಿದ್ದಂತೆ ಟಿಟ್ಟಿಭ ಹಕ್ಕಿ ದಂಡೆಯ ಬೆಣಚುಕಲ್ಲುಗಳ ನಡುವೆ, ಗೂಡೂ ಕಟ್ಟದೆ, ಕಲ್ಲಿನ ಬಣ್ಣದ್ದೇ ಮೊಟ್ಟೆಯಿಡುತ್ತದೆ. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ರೀವ ಹಕ್ಕಿಗಳು ನೂರುಗಟ್ಟಲೆ ಸೇರಿ ಮರಳ ಮೇಲೆ ಮರಿ ಮಾಡುತ್ತವೆ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ತಾಣವೆಂದು ಘೋಷಿಸಿದ್ದಾರೆ. ಹೊನ್ನಾವರದ ಕಡಲತೀರದಲ್ಲಿ ಆಮೆಗಳು ಮರಳಿನೊಳಗೆ ಮೊಟ್ಟೆ ಹೂಳುತ್ತವೆ, ಅಲ್ಲಿ ನಾಯಿಯ ಮೂಗು ಮತ್ತು ಪಂಜ ಏನು ಮಾಡಬಲ್ಲವೆಂದು ಊಹಿಸುವುದು ಕಷ್ಟವಲ್ಲ. ಅವುಗಳದ್ದೂ ಒಂದು ‘ಒಲ್ಲೆ’ ಇದೆ. ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಅರಚಿ ಹೇಳುತ್ತದೆ, ಆಮೆಗೆ ಅರಚಲೂ ಬರುವುದಿಲ್ಲ.

ಈ ಸಲ ನಮ್ಮ ಇಳಿಜಾರಿನಿಂದ ಕೂಗಳತೆಯಲ್ಲೇ ಟಿಟ್ಟಿಭ ಮೊಟ್ಟೆಯಿಟ್ಟಿದೆ. ಚುಕ್ಕಿಗೆ ಎದೆಪಟ್ಟಿ ಹಾಕಿ ಹಗ್ಗ ಹಿಡಿದೇ ಹೋಗುತ್ತೇನೆ. ಹಕ್ಕಿ ಕೂಗಿದ ಕಡೆ ಅವಳು ಒಂದು ಸಲ ಜಗ್ಗುತ್ತಾಳೆ, ನಾನು ಬೇಡವೆಂದರೆ ನನ್ನ ಮುಖ ನೋಡುತ್ತಾಳೆ, ಆಮೇಲೆ ತಿರುಗುತ್ತಾಳೆ. ಮರಿಗಳು ಹಾರುವ ತನಕ ಮೇಲಿನ ಘಟ್ಟದಲ್ಲಿ, ಬಟ್ಟೆ ಒಗೆಯುವ ಕಲ್ಲುಗಳ ಪಕ್ಕದಲ್ಲಿ ನಮ್ಮ ಈಜು. ಅಲ್ಲಿಯ ಹತ್ತುವ ಜಾಗವನ್ನು ಅವಳಿಗೆ ಹೊಸದಾಗಿ ತೋರಿಸುತ್ತಿದ್ದೇನೆ.